ಕೊಕ್ಕೆಗೆ ಸಿಕ್ಕ ಜೆಟ್ಟು

ಮಾರಿಕಣಿವೆಯ ಇಳಿಜಾರಿನಲ್ಲಿ ತಿಪ್ಪಣ್ಣ ಎರಡೂ ಕಾಲು ನೆಲಕ್ಕೆ ಉಜ್ಜಿ ಮೊಪೆಡ್ ನಿಲ್ಲಿಸಿದ. ಚಪ್ಪಲಿಯ ಹಿಮ್ಮಡಿ ಸವೆದು ಹಪ್ಪಳವಾಗಿತ್ತು. ಹಿಂದೆ ಕೂತಿದ್ದ ಅಳಿಯ ಓಬಳೇಶ ಗೋವಾದಲ್ಲಿ ನೌಕಾಪಡೆಯ ವಿಮಾನ ಮೆಕ್ಯಾನಿಕ್, ರಜಕ್ಕೆ ಊರಿಗೆ ಬಂದವನು. ಇಳಿದವನೇ ಎದೆ ಮುಟ್ಟಿಕೊಂಡ.

"ಬ್ರೇಕ್ ಸರಿ ಮಾಡಿಸ್ಬಾರ್ದಾ ಮಾವ?"

"ಕಾಲೈತಲ್ಲೋ! ನಿಮ್ಮ ಇಮಾನ ಹಡಗಿನ ಮ್ಯಾಲೆ ಹೆಂಗೆ ನಿಲ್ತದೆ, ಅದು ಹೇಳು."

ಓಬಳೇಶ ಅಣೆಕಟ್ಟೆಯತ್ತ ಕೈ ತೋರಿಸಿದ. "ಈ ಕಟ್ಟೆ ಉದ್ದ 1,330 ಅಡಿ. ಹಳೇ ವಿಕ್ರಾಂತ್ ಹಡಗು ಸುಮಾರು 700 ಅಡಿ. ಅದರ ಮೇಲೆ ಸೀ ಹಾಕ್ ಅನ್ನೋ ಜೆಟ್ಟು. ಅದರ ಮೂಲ ಮಾದರಿಯನ್ನ ಬ್ರಿಟನ್‌ನವರು 1947ರಲ್ಲಿ ಹಾರಿಸಿದ್ರು. 1961ರ ಮೇ 18ರಂದು ಲೆಫ್ಟಿನೆಂಟ್ ತಹಿಲಿಯಾನಿ ವಿಕ್ರಾಂತ್ ಮೇಲೆ ಮೊದಲ ಜೆಟ್ ಇಳಿಸಿದ್ರು. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದ್ರು. ಜಾಗ ಸಾಲದು ಅಂತ ಜೆಟ್ಟಿನ ರೆಕ್ಕೆ ಮಡಚಿಡ್ತಿದ್ರು."

"ಕಾವಿಗೆ ಕೂತ ಕೋಳಿ ಹಂಗೆ!"

"ಬಾಲದಡಿ ಕೊಕ್ಕೆ, ಡೆಕ್ ಮೇಲೆ ಅಡ್ಡಡ್ಡ ಉಕ್ಕಿನ ಹಗ್ಗ. ಕೊಕ್ಕೆ ಸಿಕ್ಕಿದ್ರೆ ಹಗ್ಗ ಒಂದಿಷ್ಟು ದೂರ ಬಿಟ್ಟುಕೊಡ್ತಾ ನಿಲ್ಲಿಸ್ತದೆ. ಗಕ್ಕಂತ ಹಿಡಿದ್ರೆ ಬಾಲವೇ ಕಿತ್ಬರ್ತದೆ."

"ಹೋರಿಗೂ ಅಷ್ಟೇಯ. ಗಕ್ಕಂತ ಹಿಡಿದೋನ ತೋಳು ಕಿತ್ಬರ್ತದೆ. ಹಗ್ಗ ತಪ್ಪಿದ್ರೆ?"

"ಅದಕ್ಕೇ ಚಕ್ರ ಡೆಕ್ ಮುಟ್ಟುತ್ಲೂ ಪೈಲಟ್ ಪೂರಾ ಎಕ್ಸಲೇಟರ್ ಕೊಡ್ತಾನೆ. ಕೊಕ್ಕೆ ಸಿಗ್ಲಿಲ್ಲ ಅಂದ್ರೆ ಓರೆ ಡೆಕ್ಕಿನಿಂದ ಹಾರಿ ಇನ್ನೊಂದು ಸುತ್ತು."

ತಿಪ್ಪಣ್ಣ ಸೊಂಟಕ್ಕೆ ಕೈಯಿಟ್ಟ. "ಬ್ರೇಕ್ ಹಿಡಿಯೋ ಹೊತ್ತಲ್ಲಿ ಎಕ್ಸಲೇಟರ್ ತಿರುವಿ ನಾನು ಹುಣಸೆ ಮರಕ್ಕೆ ಗುದ್ದಿದಾಗ ಊರೆಲ್ಲ ನಕ್ಕಿತ್ತಲ್ಲೋ! ಅವನಿಗೆ ಸಂಬಳ, ನನಗೆ ಬೈಗುಳ."

"1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ವಿಕ್ರಾಂತ್‌ನ ಬಾಯ್ಲರ್ ಒಂದು ಬಿರುಕು ಬಿಟ್ಟಿತ್ತು. ಹಡಗು ಜೋರಾಗಿ ಓಡಿದ್ರೆ ತಾನೆ ವಿಮಾನಕ್ಕೆ ಎದುರುಗಾಳಿ? ಆದ್ರೂ ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ಎರಗಿದ್ವು."

"ಎತ್ತು ಕುಂಟಿದ ವರ್ಷ ನಾನೇನು ಶೇಂಗಾ ಬಿತ್ತನೆ ಬಿಟ್ಟೆನಾ? ಈಗೆಲ್ಲೈತೆ ಆ ಜೆಟ್ಟು?"

"ಗೋವಾದ ಮ್ಯೂಸಿಯಂನಲ್ಲಿ. ಆಮೇಲೆ ಸೀ ಹ್ಯಾರಿಯರ್ ಬಂತು. 2020ರ ಜನವರಿ 11ರಂದು ನಮ್ಮ ಬೆಂಗಳೂರಿನ ನೌಕಾ ತೇಜಸ್ಸೂ ವಿಕ್ರಮಾದಿತ್ಯ ಹಡಗಿನ ಮೇಲೆ ಇಳೀತು. ಅದಕ್ಕೂ ಕೊಕ್ಕೆಯೇ."

ತಿಪ್ಪಣ್ಣ ಮೊಪೆಡ್ ಏರಿ ಇಳಿಜಾರನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡಿದ.

"ಅಳಿಯ, ಹಿಂದುಮುಂದಾಗಿ ಕೂರು. ನಾನು ಕೂಗಿದ ತಕ್ಷಣ ಪಕ್ಕದ ಗಿಡ ಹಿಡ್ಕೊ. ಇವತ್ತು ನೀನೇ ಕೊಕ್ಕೆ."

ಓಬಳೇಶ ದಾರಿಯ ಎರಡೂ ಬದಿ ನೋಡಿದ. ಕಣ್ಣು ಹಾಯುವಷ್ಟು ದೂರಕ್ಕೂ ಜಾಲಿಯೇ.