ಕಿರುರೈಲು ಮೀಮಾಂಸೆ: ಪರದೇಶವಾಸಿಯಾದ ನೂತನ ಸಾಧಕನ ಅಧಿಕಾರನಿರ್ಣಯ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಮರ್ಯಾದೆಯಾಗಿರುವುದರಿಂದ, ಪ್ರಕೃತ ಗ್ರಂಥಕಾರನೂ ಅದನ್ನು ಉಲ್ಲಂಘಿಸುವ ಸಾಹಸಕ್ಕೆ ಕೈಹಾಕುವುದಿಲ್ಲ. ಇಲ್ಲಿ ವಿಷಯವೆಂದರೆ 9 ಮಿಲಿಮೀಟರು ಅಗಲದ ಹಳಿಯ ಮೇಲೆ 12 ವೋಲ್ಟಿನ ವಿದ್ಯುತ್ತಿನಿಂದ ಓಡುವ ಜಪಾನೀ ಪುಟಾಣಿ ರೈಲು. ಪ್ರಯೋಜನವೆಂದರೆ ಅದು ಸುತ್ತು ಹಾಕುವುದನ್ನು ಕಾಣುವುದು. ಸಂಬಂಧವೆಂದರೆ ಸಾಧಕನ ಜೇಬಿಗೂ ಟೋಕಿಯೋದ ಅಂಗಡಿಗೂ ಇರುವ ಶೋಷ್ಯಶೋಷಕಭಾವ. ಅಧಿಕಾರಿ ಯಾರೆಂಬುದು ಮಾತ್ರ ಇಂದಿಗೂ ವಿವಾದಾಸ್ಪದವಾಗಿ ಉಳಿದಿದೆ.

ಜರ್ಮನಿಯಲ್ಲೋ ಅಮೆರಿಕದಲ್ಲೋ ಬಾಡಿಗೆಯ ಮನೆಯಲ್ಲಿದ್ದುಕೊಂಡು, ಒಂದು ರಜೆಯಲ್ಲಿ ಜಪಾನಿಗೆ ಹೋಗಿಬಂದು, ಅಲ್ಲಿನ ರೈಲುಗಳಿಗೆ ಮನಸೋತು, ‘ಇಂಥದೊಂದನ್ನು ಮನೆಯಲ್ಲಿ ಓಡಿಸಬೇಕಲ್ಲ, ಮೊದಲಿಗೆ ಯಾವುದನ್ನು ಕೊಳ್ಳಲಿ?’ ಎಂದು ಬಲ್ಲವರ ಬಳಿ ವಿಚಾರಿಸುವವನಿಗೆ ಈ ಶಾಸ್ತ್ರದಲ್ಲಿ ಜಿಜ್ಞಾಸುವೆಂದು ಹೆಸರು. ಅವನಿಗೆ ಉತ್ತರ ಹೇಳಕೂಡದೆಂಬುದೇ ಪ್ರಥಮ ಸೂತ್ರ. ಅವನು ಕೇಳಿದ ಕ್ಷಣದಲ್ಲಿಯೇ ಬಲ್ಲವರು ಗಂಟಲು ಸರಿಪಡಿಸಿಕೊಂಡು ಪ್ರತಿಪ್ರಶ್ನೆಗಳನ್ನು ಆರಂಭಿಸುತ್ತಾರೆ: ತಮ್ಮ ಕಾಲ ಯಾವುದು? ಪ್ರದೇಶ ಯಾವುದು? ತಾವು ರಾಷ್ಟ್ರೀಯ ರೈಲ್ವೆಯ ಪಕ್ಷದವರೋ, 1987ರ ವಿಭಜನೆಯ ಅನಂತರ ಹುಟ್ಟಿದ ಜೆ.ಆರ್. ಕಂಪನಿಗಳ ಪಕ್ಷದವರೋ? ಕುಹಾ, ಮೋಹಾ, ಸಾಹಾ ಎಂಬ ಬಂಡಿಭೇದಗಳನ್ನು, ಅಂದರೆ ಚಾಲಕನ ಕೊಠಡಿಯುಳ್ಳದ್ದು, ಮೋಟಾರುಳ್ಳದ್ದು, ಎರಡೂ ಇಲ್ಲದ್ದು ಎಂಬ ತಾರತಮ್ಯವನ್ನು, ಅಧ್ಯಯನ ಮಾಡಿರುವಿರೋ? ಒಂದು ಆಟಿಕೆಯನ್ನು ಕೊಳ್ಳಬಂದವನು ಹೀಗೆ ಮೌಖಿಕ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಮನೆಗೆ ಮರಳುತ್ತಾನೆ.

ಪ್ರತಿಪ್ರಶ್ನಕಾರರಲ್ಲಿ ಸಪ್ತ ಸಂಪ್ರದಾಯಗಳುಂಟು: ಮಾನವಾದಿಗಳು, ಸಂಧಿವಾದಿಗಳು, ಕಾಲವಾದಿಗಳು, ಪೇಟಿಕಾವಾದಿಗಳು, ಧೂಳಿವಾದಿಗಳು, ದೀಪವಾದಿಗಳು, ಸರ್ವನಿಂದಕರು. ಇವರನ್ನು ಯಥಾಕ್ರಮವಾಗಿ ವಿವರಿಸೋಣ.

ಮಾನವಾದಿಗಳ ಸಿದ್ಧಾಂತವು ಗಣಿತಮೂಲವಾದದ್ದು. ಅದರಲ್ಲಿ ಸತ್ಯವೂ ಇದೆಯೆಂಬುದೇ ಅದರ ಅಪಾಯ. 1872ರಲ್ಲಿ ಶಿಂಬಾಶಿಯಿಂದ ಯೋಕೊಹಾಮಾಕ್ಕೆ ಮೊದಲ ರೈಲುದಾರಿಯನ್ನು ಹಾಕಿದಾಗ ಜಪಾನೀಯರು ಆರಿಸಿಕೊಂಡ ಹಳಿಯ ಅಗಲ 1067 ಮಿ.ಮೀ.; 1964ರಲ್ಲಿ ಟೋಕಿಯೋದಿಂದ ಶಿನ್-ಓಸಾಕಾಕ್ಕೆ ಶಿಂಕಾನ್‌ಸೆನ್ನನ್ನು ಓಡಿಸಿದಾಗ ಅದಕ್ಕೆ ಮಾತ್ರ 1435 ಮಿ.ಮೀ. ಇತ್ತ ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿಯವರು 1960ರ ದಶಕದ ಆದಿಯಲ್ಲಿ 9 ಮಿ.ಮೀ. ಹಳಿಯ ಪುಟಾಣಿ ರೈಲನ್ನು ಹೊರತಂದಾಗ, ಯೂರೋಪಿನ 1435ನ್ನು 160ರಿಂದ ಭಾಗಿಸಿ ಹೆಚ್ಚುಕಡಿಮೆ ಸರಿಯಾದ ಲೆಕ್ಕವನ್ನೇ ಪಡೆದರು. ಕಾಟೋ ಎಂಬ ಹೆಸರಿನಿಂದ ಪ್ರಸಿದ್ಧರಾದ ತಯಾರಕರು 1965ರಲ್ಲಿ ಸಿ-50 ಎಂಬ ಉಗಿ ಎಂಜಿನ್ನನ್ನು ಮಾಡಿ ಜಪಾನಿನಲ್ಲಿ ಈ ಮಾರ್ಗವನ್ನು ತೆರೆದರಷ್ಟೆ. ಅಲ್ಲಿನ ಕಿರಿಯ ಬಂಡಿಗಳನ್ನು 160ರಿಂದ ಭಾಗಿಸಿದರೆ ತೀರ ಬಡಕಲಾಗುವವಾದ್ದರಿಂದ, ಬಂಡಿಗೆ 1:150ರ ಪ್ರಮಾಣವೂ, ಶಿಂಕಾನ್‌ಸೆನ್ನಿಗೆ 1:160ರ ಪ್ರಮಾಣವೂ, ಹಳಿಗೆ ಮಾತ್ರ ಎಲ್ಲಕ್ಕೂ ಒಂದೇ ಎಂಬಂತೆ 9 ಮಿ.ಮೀ. ಅಗಲವೂ ಅಲ್ಲಿ ರೂಢಿಯಾದವು. 9ನ್ನು 150ರಿಂದ ಗುಣಿಸಿದರೆ 1350. ನಿಜವಾದ ಹಳಿ 1067. ಹೆಚ್ಚುವರಿ 283 ಮಿ.ಮೀ. ಎಲ್ಲಿಂದ ಬಂತು? ಈ ಅಧ್ಯಾಸವನ್ನು ಸಹಿಸುವವನು ಸಾಧಕನೇ ಅಲ್ಲವೆಂದು ಮಾನವಾದಿಯು ಮೇಜು ಗುದ್ದಿ ಸಾರುತ್ತಾನೆ. ಅವನ ಅಗ್ರಜನಾದ ಇನ್ನೊಬ್ಬ ಮಾನವಾದಿಯು 16.5 ಮಿ.ಮೀ. ಹಳಿಯ ಮೇಲೆ 1:80ರ ಬಂಡಿ ಸಾಧುವೋ, 12 ಮಿ.ಮೀ. ಹಳಿಯ ಮೇಲೆ 1:87ರ ಬಂಡಿ ಸಾಧುವೋ ಎಂಬ ಇನ್ನೊಂದು ಕಲಹದಲ್ಲಿ ತಲೆ ನರೆಸಿಕೊಂಡು ಕುಳಿತಿದ್ದಾನೆ. ಎರಡಡಿ ದೂರದಿಂದ ನೋಡಿದವನಿಗೆ ರೈಲು ರೈಲಿನಂತೆಯೇ ಕಾಣುತ್ತದೆಂಬ ಪ್ರತ್ಯಕ್ಷ ಪ್ರಮಾಣವನ್ನು ಇಬ್ಬರೂ ಅಂಗೀಕರಿಸುವುದಿಲ್ಲ.

ಸಂಧಿವಾದಿಗಳ ವಿಷಯವನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಕಾಟೋದವರ ಹಳಿ ಅವರ ಪ್ರತಿಸ್ಪರ್ಧಿ ತಯಾರಕರಾದ ಟೊಮಿಕ್ಸ್‌ನವರ ಹಳಿಗೆ ನೇರವಾಗಿ ಕೂಡುವುದಿಲ್ಲ. ಜೋಡಿಹಳಿಗಳ ನಡುವಣ ಅಂತರ ಮೊದಲನೆಯವರಲ್ಲಿ 33 ಮಿ.ಮೀ., ಎರಡನೆಯವರಲ್ಲಿ 37 ಮಿ.ಮೀ.; ಬಂಡಿಗಳ ಕೊಂಡಿಗಳಲ್ಲಿಯೂ ಆರ್ನಾಲ್ಡ್ ಮಾದರಿ, ಕಾಟೋ ಮಾದರಿ, ಟೊಮಿಕ್ಸ್ ಮಾದರಿ ಎಂಬ ಅಂತಃಕಲಹಗಳುಂಟು. ಇದಿಷ್ಟೇ ತಿಳಿಯಬೇಕಾದದ್ದು. ಇದಿಷ್ಟನ್ನೇ ತಿಳಿಸಬೇಕಾದಲ್ಲಿ ಒಂದು ಇಳಿಹೊತ್ತನ್ನೆಲ್ಲ ನುಂಗುವ ಉಪನ್ಯಾಸಗಳನ್ನು ಕೇಳಿದ್ದುಂಟು.

ಕಾಲವಾದಿಗಳನ್ನು ಕುರಿತು ನಿರ್ವಿಕಾರಚಿತ್ತದಿಂದ ಬರೆಯಬೇಕೆಂಬುದು ಗ್ರಂಥಕಾರನ ಸಂಕಲ್ಪವಾಗಿತ್ತು. ಒಂದು ಸಂಘದವರ ಪ್ರದರ್ಶನದಲ್ಲಿ, 1930ರ ದಶಕದ ಬವೇರಿಯಾದ ಬೆಟ್ಟದ ಹಳ್ಳಿಯೊಂದನ್ನು ಮರಮರವಾಗಿ, ಹೆಂಚುಹೆಂಚಾಗಿ ಕಟ್ಟಿ ನಿಲ್ಲಿಸಿದ್ದ ಮೇಜಿನ ಬಳಿಗೆ ಚಿಕ್ಕ ಹುಡುಗಿಯೊಬ್ಬಳು ತನ್ನ ಹಸಿರು ಬಣ್ಣದ ಇ-5 ಶಿಂಕಾನ್‌ಸೆನ್ನಿನ ಮುಂದಲೆಯ ಬಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಈ ರೈಲನ್ನು ಒಂದೇ ಒಂದು ಸುತ್ತು ಓಡಿಸಬಹುದೆ ಎಂದು ಕೇಳಿದಳು. ಹಳಿಯ ಅಗಲ ಅದೇ 9 ಮಿ.ಮೀ.; ವಿದ್ಯುತ್ತೂ ಅದೇ 12 ವೋಲ್ಟ್. ಮೇಜಿನ ಹಿಂದಿದ್ದ ಹಿರಿಯರು ಆ ಮಾರ್ಗಕ್ಕೆ ವಿದ್ಯುತ್ ತಂತಿಯಿಲ್ಲವೆಂದೂ, ಆ ರೈಲು ಸಂಚಾರಕ್ಕೆ ಬಂದದ್ದೇ 2011ರಲ್ಲೆಂದೂ, ಕಾಲವಿರೋಧದ ಅರಿವಿಲ್ಲದವರಿಗೆ ಈ ಹವ್ಯಾಸ ಸಲ್ಲದೆಂದೂ ಅವಳಿಗೆ ವಿಶದೀಕರಿಸಿದರು. ಪಕ್ಕದಲ್ಲಿದ್ದವರು ನಕ್ಕರು. ಇದಕ್ಕೆ ಯಾವ ಶಾಸ್ತ್ರದ ಪರಿಭಾಷೆಯೂ ಬೇಕಿಲ್ಲ. ಇದು ಶುದ್ಧ ಅಯೋಗ್ಯತನ. ಅರವತ್ತು ದಾಟಿದ ಗಂಡಸೊಬ್ಬ ಸುಣ್ಣದ ಬೆಟ್ಟವನ್ನೂ ಸ್ಪಂಜಿನ ಗಿಡವನ್ನೂ ಕಾಯುತ್ತ, ಒಂದು ಮಗುವಿನ ಮುಖ ಬಾಡಿಸುವುದಕ್ಕೆ ಐತಿಹಾಸಿಕ ಪ್ರಜ್ಞೆಯೆಂದು ಹೆಸರಿಟ್ಟುಕೊಂಡಿರುವುದಾದರೆ, ಆ ಪ್ರಜ್ಞೆ ಇಲ್ಲದಿರುವುದೇ ಮೇಲು. ಇವರ ಸಂಘಕ್ಕೆ ಹೊಸಬರು ಸೇರುವುದಿಲ್ಲವಂತೆ, ಎಳೆಯರಿಗೆ ಆಸಕ್ತಿಯೇ ಇಲ್ಲವಂತೆ! ಇರಲಿ.

ಉಳಿದ ನಾಲ್ಕು ಸಂಪ್ರದಾಯಗಳಲ್ಲಿ ಪೇಟಿಕಾವಾದವೊಂದನ್ನು ಮಾತ್ರ ಹೇಳಿ, ಮಿಕ್ಕವನ್ನು ಬಿಟ್ಟುಬಿಡುತ್ತೇನೆ. ಎಣಿಕೆಯನ್ನು ಪೂರ್ತಿ ಮಾಡಲೇಬೇಕೆಂಬ ಹಟ ಪ್ರಬಂಧಕಾರನಿಗಿಲ್ಲ. ಜಪಾನೀ ಬಂಡಿಗಳ ಜೋಡಣೆಗಳು ಬರುವುದು ಪುಸ್ತಕದ ಆಕಾರದ ಪೆಟ್ಟಿಗೆಯಲ್ಲಿ. ಬೆನ್ನಿಗೆ ಹೆಸರು ಅಚ್ಚಾಗಿರುವ ಅದನ್ನು ಕಪಾಟಿನಲ್ಲಿ ನಿಘಂಟಿನ ಪಕ್ಕಕ್ಕೆ ನಿಲ್ಲಿಸಬಹುದು. ರಟ್ಟನ್ನು ತೆರೆದರೆ ಪುಟವಿರಬೇಕಾದಲ್ಲಿ ಮೆದುವಾದ ಸ್ಪಂಜು, ಅದರಲ್ಲಿ ಸಾಲಾಗಿ ಕತ್ತರಿಸಿದ ಗುಂಡಿಗಳು, ಒಂದೊಂದರಲ್ಲಿ ತೆಳ್ಳನೆಯ ಹಾಳೆಯ ಮೇಲೆ ಮಲಗಿರುವ ಒಂದೊಂದು ಬಂಡಿ. ಜೊತೆಗೊಂದು ಚಿಕ್ಕ ಲಕೋಟೆ. ಸಾಧಕನು ತಾನೇ ಅಂಟಿಸಿಕೊಳ್ಳಬೇಕಾದ ಬಿಡಿಭಾಗಗಳು ಅದರಲ್ಲಿರುತ್ತವೆ: ರಾಗಿಕಾಳಿನಷ್ಟಿರುವ ಶಿಳ್ಳೆ, ಚಾವಣಿಗೆ ಚುಚ್ಚುವ ಆಂಟೆನಾ, ಪಾರದರ್ಶಕ ಹಾಳೆಯಿಂದ ಉಜ್ಜಿ ಬಂಡಿಯ ಮೈಮೇಲೆ ಇಳಿಸಬೇಕಾದ ಬಿಳಿಯ ಸಂಖ್ಯೆಗಳು, ವಿವರಣೆಯೆಲ್ಲ ಜಪಾನೀ ಭಾಷೆಯಲ್ಲಿ. ಚಿಮುಟದ ತುದಿಯಿಂದ ಜಿಗಿದ ಆಂಟೆನಾ ನೆಲಹಾಸಿನಲ್ಲಿ ಪರಬ್ರಹ್ಮದಂತೆ ಸರ್ವವ್ಯಾಪಿಯೂ ಅದೃಶ್ಯವೂ ಆಗುತ್ತದೆ. ಪೇಟಿಕಾವಾದಿಯು ಇದಕ್ಕೆ ಕಂಡುಕೊಂಡಿರುವ ಪರಿಹಾರವೇನೆಂದರೆ ಲಕೋಟೆಯನ್ನು ಒಡೆಯದಿರುವುದು, ಬಂಡಿಯನ್ನು ಹೊರಗೆ ತೆಗೆಯದಿರುವುದು, ಹಳಿಯ ಮೇಲಂತೂ ಎಂದಿಗೂ ಇಡದಿರುವುದು. ಓಡದ ರೈಲಿಗೆ ಬೆಲೆ ಹೆಚ್ಚಂತೆ.

ಬೆಲೆಯ ಮಾತು ಬಂದದ್ದರಿಂದ ಪ್ರಾಪ್ತಿಪ್ರಕರಣವನ್ನೂ ಮುಗಿಸಿಬಿಡೋಣ. ಈ ಬಂಡಿಗಳನ್ನು ಬೇಕಾದಾಗ ಹೋಗಿ ಕೊಳ್ಳಬಹುದೆಂದು ಭಾವಿಸುವುದು ಅವಿದ್ಯೆ. ತಯಾರಕರು ತಿಂಗಳುಗಳ ಮೊದಲೇ ಘೋಷಿಸುತ್ತಾರೆ; ಬಲ್ಲವರು ಮುಂಗಡವಾಗಿ ಕಾದಿರಿಸುತ್ತಾರೆ; ಒಂದು ಕಂತು ತಯಾರಾಗಿ ಮಾರಿಹೋದರೆ ಮರುಕಂತು ಎಂದಿಗೋ. ಹಾಗೂ ದೊರೆತರೆ, ಆಧಾರಸಂಪುಟವೊಂದು, ಪೂರಣಸಂಪುಟವೊಂದು ಎಂದು ಒಂದೇ ರೈಲು ಎರಡು ಮೂರು ಪೆಟ್ಟಿಗೆಗಳಲ್ಲಿ ಹಂಚಿಹೋಗಿದ್ದು, ಅವುಗಳಲ್ಲೊಂದು ಸದಾ ಮುಗಿದುಹೋಗಿರುತ್ತದೆ. ಒಳಗಿನ ದೀಪಕ್ಕೆ ಬೇರೆ ದುಡ್ಡು. ಜರ್ಮನಿಗೆ ತರಿಸಿಕೊಂಡರೆ ನೂರಕ್ಕೆ 19ರಂತೆ ತೆರಿಗೆ, ಅದೂ ಸರಕಿನ ಬೆಲೆಯ ಮೇಲಷ್ಟೇ ಅಲ್ಲದೆ ಅಂಚೆಯ ವೆಚ್ಚವನ್ನೂ ಕೂಡಿಸಿದ ಮೊತ್ತದ ಮೇಲೆ. ಇಷ್ಟೆಲ್ಲ ದಾಟಿ ಹದಿನಾರು ಬಂಡಿಗಳ ಶಿಂಕಾನ್‌ಸೆನ್ ಪೂರ್ಣವಾಗಿ ಮನೆಗೆ ಬಂದಿತೆಂದರೆ ಅದರ ಉದ್ದ ಎರಡೂವರೆ ಮೀಟರು: ಮುಂದಲೆಯು ತಿರುವಿನಿಂದ ಹೊರಬರುವ ಹೊತ್ತಿಗೆ ಬಾಲವು ಹಿಂದಿನ ತಿರುವನ್ನು ಇನ್ನೂ ಬಿಟ್ಟಿರುವುದಿಲ್ಲ. ಜಪಾನಿನ ಮನೆಗಳೇನೂ ಅರಮನೆಗಳಲ್ಲವಾದ್ದರಿಂದ ಅಲ್ಲಿ ದೊಡ್ಡ ಹಳಿಮೇಜುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಜನ ತಮ್ಮ ಪುಸ್ತಕಪೆಟ್ಟಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಓಡಿಸಿ, ಬರುತ್ತಾರೆ. ಅಲ್ಲಿ ಯಾರೂ ಪಕ್ಕದ ಹಳಿಯವನ ಕಾಲವನ್ನು ಕೇಳುವುದಿಲ್ಲ. ಒಂದರಲ್ಲಿ ಉಗಿ ಎಂಜಿನ್, ಇನ್ನೊಂದರಲ್ಲಿ ನಿನ್ನೆ ಬಂದ ಲೋಕಲ್.

ಇಲ್ಲಿಗೆ ಬಂದು ಪರಿಹಾಸದ ಲೇಖನಿ ತಾನಾಗಿ ಮೊಂಡಾಗುತ್ತದೆ. ಶಿಮಾನೆ ಪ್ರಾಂತದ ಗೋತ್ಸುವಿನಿಂದ ಹಿರೋಶಿಮಾ ಪ್ರಾಂತದ ಮಿಯೋಶಿಯವರೆಗೆ ನದಿಯನ್ನು ಹಿಡಿದು 108 ಕಿಲೋಮೀಟರು ಸಾಗುತ್ತಿದ್ದ ಸಾಂಕೋ ಮಾರ್ಗವು 2018ರ ಮಾರ್ಚ್ 31ರಂದು ನಿಂತುಹೋಯಿತು. ದಿನಕ್ಕೆ ಕೆಲವೇ ಸಲ ಓಡುತ್ತಿದ್ದ, ಕಿಹಾ-120 ಎಂಬ ಒಂಟಿ ಡೀಸೆಲ್ ಬಂಡಿಗೆ ವರ್ಷವಿಡೀ ಪ್ರಯಾಣಿಕರು ವಿರಳವಾಗಿದ್ದರು. ನಿಲ್ಲುತ್ತದೆಂದು ತಿಳಿದ ಮೇಲೆ ಕ್ಯಾಮೆರಾ ಹಿಡಿದವರು ಕಿಕ್ಕಿರಿದರು. ಉಎನೋದಿಂದ ಸಪ್ಪೋರೋಗೆ ರಾತ್ರಿಯಿಡೀ ಓಡುತ್ತಿದ್ದ ನೀಲಿ ಬಣ್ಣದ ಹೊಕುತೋಸೆಯಿ 2015ರ ಆಗಸ್ಟಿನಲ್ಲಿ ಕೊನೆಯ ಪ್ರಯಾಣ ಮುಗಿಸಿತು. ಅದರ ಪುಟಾಣಿ ಬಂಡಿಗಳಿಗೆ ಮಾತ್ರ ಇಂದಿಗೂ ಗಿರಾಕಿಗಳುಂಟು. ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಮೀಟರ್‌ಗೇಜಿನ ಮೇಲೆ ರೈಲುಬಸ್ಸು ಕುಲುಕುತ್ತ ಹೋಗುತ್ತಿದ್ದುದನ್ನು ಕಂಡವನಿಗೆ, 11 ಸೆಂಟಿಮೀಟರಿನ ಆ ಕಿಹಾ-120 ಪರಕೀಯವೆನಿಸುವುದಿಲ್ಲ. ಅದೂ ಕಿರಿದಾದ ಹಳಿ, ಅದೂ ಒಂಟಿ ಬಂಡಿ, ಅದೂ ಯಾರಿಗೂ ಲಾಭ ತಾರದ ಊರುಗಳ ದಾರಿ. ಸಂಸಾರದಲ್ಲಿ ಹತ್ತಲು ಜನವಿಲ್ಲದೆ ನಿಂತ ರೈಲು ಮೇಜಿನ ಮೇಲೆ ಓಡುತ್ತಿರುವುದು ಸಮಾಧಾನದ ವಿಷಯವೋ ನಾಚಿಕೆಯ ವಿಷಯವೋ ನಿರ್ಣಯಿಸುವುದು ಸುಲಭವಲ್ಲ. ಜನ ಹತ್ತಿದ್ದರೆ ಅದು ನಿಲ್ಲುತ್ತಿರಲಿಲ್ಲ. ಓಡುವ ರೈಲನ್ನು ಪ್ರೀತಿಸುವುದಕ್ಕೂ ನಿಂತ ರೈಲಿಗೆ ಅಳುವುದಕ್ಕೂ ಇರುವ ವ್ಯತ್ಯಾಸವನ್ನು ಸಪ್ತ ಸಂಪ್ರದಾಯಗಳಲ್ಲಿ ಒಂದೂ ಚರ್ಚಿಸಿಲ್ಲ.

ಇನ್ನು ಜಿಜ್ಞಾಸುವು ಕೇಳಿದ ಪ್ರಶ್ನೆಗೆ ಉತ್ತರ. ಕಾಟೋ, ಟೊಮಿಕ್ಸ್ ಎರಡರಲ್ಲಿ ಯಾವುದಾದರೊಂದರ ಆರಂಭದ ಪೆಟ್ಟಿಗೆಯನ್ನು ಕೊಳ್ಳಿ; ಅದರಲ್ಲಿ ಜಲ್ಲಿಯ ದಿಂಡು ಕೂಡಿಯೇ ಇರುವ ಹಳಿಯೂ, ವೇಗದ ಗುಂಡಿಯ ಪೆಟ್ಟಿಗೆಯೂ ಇರುತ್ತವೆ. ಜಪಾನಿನ ಜನ ಚಾಪೆಯ ಮೇಲೆ ಮಾಡುವಂತೆ, ಊಟವಾದ ಮೇಲೆ ನೆಲ ಗುಡಿಸಿ, ಹಳಿಯನ್ನು ಹಾಸಿ, ಓಡಿಸಿ, ಮಲಗುವ ಮುನ್ನ ತೆಗೆದಿಡಿ. ಯಾವ ರೈಲೆಂದರೆ, ನಿಮ್ಮ ಕಣ್ಣಿಗೆ ಚೆಂದ ಕಂಡದ್ದು. ಒಂದನ್ನು ಮಾತ್ರ ಮರೆಯಬೇಡಿ: ಜಪಾನಿನ ಗೋಡೆಯಲ್ಲಿರುವುದು 100 ವೋಲ್ಟ್, ಯೂರೋಪಿನದೂ ನಮ್ಮ ದೇಶದ್ದೂ 230. ಅಡಾಪ್ಟರಿನ ಬೆನ್ನಿನ ಮೇಲೆ ಏನು ಬರೆದಿದೆಯೆಂದು ಓದಿಕೊಂಡ ಮೇಲೆಯೇ ಅದನ್ನು ಚುಚ್ಚಿ.