ನಲ್ಲೂರಿನ ಮೆಡಿಟರೇನಿಯನ್ ಬಟ್ಟಲು: ಒಂದು ಕಿರು ಮೀಮಾಂಸೆ

ಮೆಡಿಟರೇನಿಯನ್ ಬಟ್ಟಲು ಎಂಬ ಪದಾರ್ಥದ ಲಕ್ಷಣವನ್ನು, ಎಂದರೆ ಅದನ್ನು ಮಿಕ್ಕೆಲ್ಲ ತಿನಿಸುಗಳಿಂದ ಬೇರ್ಪಡಿಸುವ ಗುಣವನ್ನು, ತಿಳಿದವರು ಹೀಗೆ ಹೇಳುತ್ತಾರೆ: ತಳದಲ್ಲಿ ಬೆಂದ ಧಾನ್ಯ, ಅದರ ಮೇಲೆ ಬೆಂದ ಕಾಳು, ಹಸಿ ತರಕಾರಿ, ಹುಳಿ, ಎಣ್ಣೆ, ಒಂದು ಪಕ್ಕದಲ್ಲಿ ರುಬ್ಬಿದ್ದು. ಈ ಲಕ್ಷಣಕ್ಕೆ ಅತಿವ್ಯಾಪ್ತಿ, ಅಂದರೆ ಹೇಳಬೇಕಾದುದನ್ನು ದಾಟಿ ಹೇಳಬಾರದ್ದಕ್ಕೂ ಅನ್ವಯಿಸುವ ದೋಷ, ಅಂಟಿಕೊಂಡಿದೆ. ಏಕೆಂದರೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಮಿಕ್ಕ ಅನ್ನ, ಗುಗ್ಗರಿ, ಕೋಸಂಬರಿ, ಚಟ್ನಿಗಳನ್ನು ಒಂದೇ ತಟ್ಟೆಗೆ ಹಾಕಿಕೊಂಡು ಜಗುಲಿಯಲ್ಲಿ ಕುಳಿತವರೂ ಅದರೊಳಗೆ ಬಂದುಬಿಡುತ್ತಾರೆ. ಆದ್ದರಿಂದ ‘ಬೆಲೆ ಕೇಳಿದೊಡನೆ ಹಸಿವು ಇಂಗತಕ್ಕದ್ದು’ ಎಂಬ ವಿಶೇಷಣವನ್ನು ಸೇರಿಸುವುದು ಅನಿವಾರ್ಯ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯಲ್ಲಿ ಅದಕ್ಕೆ ಉದಾಹರಣೆಗಳ ಕೊರತೆಯಿಲ್ಲ.

ಇನ್ನು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸಿಕೊಳ್ಳುವ ಎದುರಾಳಿಯ ವಾದ. ನಲ್ಲೂರು ಸಮುದ್ರದಿಂದ ದೂರದ ಬಯಲುಸೀಮೆ; ಮೆಡಿಟರೇನಿಯನ್ ಊಟವನ್ನು 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಯುನೆಸ್ಕೋ ಸ್ಪೇನ್, ಗ್ರೀಸ್, ಇಟಲಿ, ಮೊರಾಕ್ಕೊಗಳ ಹೆಸರು ಬರೆದುಕೊಂಡಿತೇ ಹೊರತು ದೇವನಹಳ್ಳಿಯದನ್ನಲ್ಲ; ಆದುದರಿಂದ ಅಲ್ಲಿಯ ಬಟ್ಟಲು ಇಲ್ಲಿ ಪರಕೀಯ ಎಂಬುದು ಆ ವಾದ. ಸಿದ್ಧಾಂತಿಯ ಉತ್ತರ ಸರಳ. ಬಟ್ಟಲಿನ ಸೌತೆಕಾಯಿ ಹುಟ್ಟಿದ್ದು ಹಿಮಾಲಯದ ತಪ್ಪಲಲ್ಲಿ, ಎಳ್ಳು ಪಳಗಿದ್ದು ಭಾರತದಲ್ಲಿ, ಟೊಮೆಟೊ ಯುರೋಪಿಗೆ ಅಮೆರಿಕದಿಂದ ಹೋದದ್ದು ಹದಿನಾರನೆಯ ಶತಮಾನದಲ್ಲಿ. ಅತ್ತ ನಲ್ಲೂರಿನವರು ತಮ್ಮದೆಂದು ಉಣ್ಣುವ ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದ್ದು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ, 54 ಎಕರೆಯ ನಲ್ಲೂರು ತೋಪಿನ ಹುಣಸೆಯೂ ಕುಲಮೂಲದಿಂದ ಆಫ್ರಿಕದ್ದೇ. ಹೀಗೆ ಎರಡೂ ಕಡೆ ಪರಕೀಯರೇ ತುಂಬಿರುವಾಗ ಯಾರು ಯಾರನ್ನು ಹೊರಗಿಡುವುದು?

ತಳದ ಧಾನ್ಯದ ವಿಷಯದಲ್ಲಿ ಮುದ್ದೆಯ ಪಕ್ಷಪಾತಿಗಳು ಬಹುಕಾಲ ಹಟ ಹಿಡಿಯಬಹುದು. ಆದರೆ ಮುದ್ದೆಯನ್ನು ಅಗಿಯುವುದು ಅಪಚಾರ, ನುಂಗಬೇಕು. ಸೌತೆಕಾಯಿಯನ್ನು ನುಂಗುವುದು ಅಪಾಯ, ಅಗಿಯಬೇಕು. ಒಂದೇ ಬಾಯಿ ಏಕಕಾಲದಲ್ಲಿ ಎರಡು ಆಜ್ಞೆಗಳನ್ನು ಪಾಲಿಸಲಾರದಾದ್ದರಿಂದ ನವಣೆಯ ಅನ್ನವೇ ಗ್ರಾಹ್ಯ.

ಈ ಶಾಸ್ತ್ರದ ತಿರುಳು ಇರುವುದು ಹಮ್ಮಸ್ಸಿನಲ್ಲಿ, ಅಂದರೆ ಕಾಬೂಲ್ ಕಡಲೆಯನ್ನು ಎಳ್ಳು, ಬೆಳ್ಳುಳ್ಳಿ, ಹುಳಿಗಳೊಡನೆ ನುಣ್ಣಗೆ ರುಬ್ಬಿದ ಚಟ್ನಿಯಲ್ಲಿ. ರಾತ್ರಿ ನೆನೆಸಿದ ಕಡಲೆಯನ್ನು ಕುಕ್ಕರಿನಲ್ಲಿ ಬೆರಳಿಗೆ ಕರಗುವಂತೆ ಬೇಯಿಸಿ, ಸಿಪ್ಪೆ ಬಿಡಿಸಿ ರುಬ್ಬಿದರೆ ಮಾತ್ರ ಅದು ಬೆಣ್ಣೆಯಂತಾಗುತ್ತದೆ. ಆ ಸಿಪ್ಪೆ ಬಿಡಿಸುವ ಬೇಸರಕ್ಕೆ ಹೆದರಿ ಎಷ್ಟೋ ಮಂದಿ ಡಬ್ಬಿಯ ಹಮ್ಮಸ್ಸಿಗೆ ಶರಣಾಗುತ್ತಾರೆ. ನಲ್ಲೂರಿನ ಶ್ರೇಷ್ಠತೆ ಸ್ಥಾಪಿತವಾಗುವುದು ಇಲ್ಲಿಯೇ. ಅವರೆಯ ಕಾಲದಲ್ಲಿ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಂದಿಷ್ಟೇ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಗುರಿ ತಪ್ಪಿದ ಬೇಳೆ ಎದುರು ಕುಳಿತವರ ಮಡಿಲು ಸೇರುತ್ತದೆ. ಹಿತಕುವುದು ಎಂಬ ಈ ವಿದ್ಯೆಯನ್ನು ಮಾತು ನಿಲ್ಲಿಸದೆ, ಕೈ ನೋಡದೆ, ಸೇರುಗಟ್ಟಲೆ ಕಾಳಿನ ಮೇಲೆ ಪ್ರಯೋಗಿಸಬಲ್ಲ ಅಜ್ಜಿಯರಿಗೆ ಒಂದು ಬಟ್ಟಲು ಕಡಲೆ ಯಾವ ಲೆಕ್ಕ? ನಿಂಬೆಯ ಬದಲು ಹುಣಸೆ ಕಿವುಚಿದ ರಸ ಹಾಕಿದರೆ ಹಮ್ಮಸ್ಸು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆಯಾದರೂ ರುಚಿಯಲ್ಲಿ ಲೋಪವಿಲ್ಲ.

ಆಲಿವ್ ಎಣ್ಣೆಯ ಜಾಗಕ್ಕೆ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಬೇರೆ ಬೆಳೆಗಳ ಸಾಲಿನಲ್ಲಿ, ಹಳದಿ ಹೂ ಬಿಡುವ ಹುಚ್ಚೆಳ್ಳಿನ ಎಣ್ಣೆ ಸಲ್ಲುತ್ತದೆ. ಅದರ ಮೂಲ ಇಥಿಯೋಪಿಯ ಎಂಬುದನ್ನು ಪೂರ್ವಪಕ್ಷಿಗೆ ತಿಳಿಸುವ ಅಗತ್ಯವಿಲ್ಲ.

ಪ್ರಯೋಗಕ್ಕೆ ಹೊರಡುವವರಲ್ಲಿ ಒಂದು ವಿನಂತಿ: ಶಾಸ್ತ್ರಶುದ್ಧಿಯ ಹಂಬಲದಿಂದ ಯಾರೂ ನಲ್ಲೂರು ತೋಪಿನ ಮುದಿ ಮರಗಳಿಗೆ ಕಲ್ಲು ಬೀರಬಾರದು, ಹುಣಸೆಹಣ್ಣು ದೇವನಹಳ್ಳಿಯ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತದೆ.