ಎಷ್ಟು ಸತಿ ತೊಳೆದೆ?

ನನಗೆ ಗೊತ್ತಿರುವ ಬೋಟಿಗಳು ಎರಡು. ಒಂದು ಜಾತ್ರೆಯಲ್ಲಿ ಸಿಗುವ ಹಳದಿ ಕೊಳವೆ. ಐದು ಬೆರಳಿಗೂ ಉಂಗುರದ ಹಾಗೆ ತೊಟ್ಟು ಒಂದೊಂದಾಗಿ ಕುರುಕುವಂಥದ್ದು. ಇನ್ನೊಂದು ಆಡು–ಕುರಿಯ ಹೊಟ್ಟೆ, ಕರುಳು. ಮೊದಲನೆಯದನ್ನು ನಮ್ಮ ಮನೆಯಲ್ಲಿ ಎಲ್ಲರೂ ತಿನ್ನುತ್ತಾರೆ. ಎರಡನೆಯದನ್ನು ತಿನ್ನುವವನು ನಾನೊಬ್ಬನೇ.

ಉತ್ತರದವರ ಹತ್ತಿರ ಮೂರನೆಯದೊಂದಿದೆ. ಒಮ್ಮೆ ದೆಹಲಿಯಲ್ಲಿ ‘ಬೋಟಿ ಕಬಾಬ್’ ಎಂಬ ಹೆಸರು ಕಂಡು, ಮಂಡ್ಯವನ್ನೇ ಕಂಡಷ್ಟು ಹಿಗ್ಗಿ ತರಿಸಿಕೊಂಡೆ. ಬಂದದ್ದು ಮೂಳೆಯಿಲ್ಲದ ಮಾಂಸದ ಚೂರುಗಳು. ಉರ್ದುವಿನಲ್ಲಿ ಬೋಟಿ ಎಂದರೆ ಮಾಂಸದ ತುಂಡು, ಅಷ್ಟೆ. ರುಚಿಯಾಗಿಯೇ ಇತ್ತು. ಆದರೂ ಸೋದರತ್ತೆ ಬರುತ್ತಾಳೆಂದು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತವನ ಮುಂದೆ ಅದೇ ಹೆಸರಿನ ಬೇರೆ ಹೆಂಗಸು ಇಳಿದ ಹಾಗಾಯಿತು.

ನಮ್ಮೂರಲ್ಲಿ ಬೋಟಿ ಬರುತ್ತಿದ್ದದ್ದು ಹೊಸತೊಡಕಿಗೆ, ಅಂದರೆ ಯುಗಾದಿಯ ಮಾರನೆಯ ದಿನ. ಹತ್ತು ಹನ್ನೆರಡು ಮನೆಯವರು ದುಡ್ಡು ಹಾಕಿ ಎರಡು ಮರಿ ಕಡಿಸುತ್ತಿದ್ದರು. ಈಚಲು ಚಾಪೆಯ ಮೇಲೆ ಅಷ್ಟೇ ಗುಡ್ಡೆಗಳು. ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವೂ ಎಲ್ಲ ಗುಡ್ಡೆಗೂ ಚೂರುಚೂರು ಬೀಳಬೇಕು. ಆಮೇಲೆ ಒಬ್ಬ ಆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ‘ಇದ್ಯಾರಿಗೆ?’ ಅಂದರೆ, ನೋಡದೆಯೇ ಒಬ್ಬರ ಹೆಸರು ಹೇಳಬೇಕು. ಪಟೇಲರ ಮನೆಗೆ ಬರೀ ತೊಡೆ, ನಮಗೆ ಬರೀ ಬೋಟಿ ಎಂಬ ಮಾತೇ ಇರಲಿಲ್ಲ. ಕಾಗದದ ಮೇಲೆ ಬರೆದ ಎಷ್ಟೋ ಕಾನೂನು ಆ ಚಾಪೆಯಷ್ಟು ಅಚ್ಚುಕಟ್ಟಾಗಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ.

ಗುಡ್ಡೆಯನ್ನು ಮನೆಗೆ ಹೊತ್ತು ತರುವುದು ನನ್ನ ಕೆಲಸ. ಮಧ್ಯಾಹ್ನ ಮುದ್ದೆ ಮುರಿದು ಗೊಜ್ಜಿಗೆ ಅದ್ದಿ ನುಂಗುವುದೂ ನನ್ನ ಕೆಲಸ. ನಡುವಿನ ಮೂರು ಗಂಟೆ ಹಿತ್ತಲಲ್ಲಿ ಏನಾಗುತ್ತಿತ್ತು ಎಂದು ನಾನು ಎಂದೂ ಎದ್ದುಹೋಗಿ ನೋಡಿದವನಲ್ಲ.

ಹೋದ ತಿಂಗಳು ಒಂದು ಭಾನುವಾರ ಬೋಟಿ ಗೊಜ್ಜು ನಾನೇ ಮಾಡುತ್ತೇನೆ ಎಂದೆ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಸಿಗುತ್ತದಲ್ಲ, ಹೋಗಿ ತಿಂದು ಬನ್ನಿ ಎಂದು ಹೆಂಡತಿಯ ಸಲಹೆ. ಅವಳು ಕರಾವಳಿಯವಳು. ಮೀನಿನ ತಲೆಯನ್ನು ಕಣ್ಣು ಸಮೇತ ಚೀಪುತ್ತಾಳೆ, ಬೋಟಿ ಅಂದರೆ ಮೂಗು ಮುಚ್ಚುತ್ತಾಳೆ. ಕೊನೆಗೆ ‘ಮಾಡಿ. ನನ್ನ ದೊಡ್ಡ ಕುಕ್ಕರ್ ಮುಟ್ಬೇಡಿ’ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ರಾತ್ರಿಯೇ ಕಡ್ಲೆಕಾಳು ನೆನೆಹಾಕಿದೆ.

ಮಟನ್ ಅಂಗಡಿಯವನು ಒಂದು ಸೆಟ್ಟು ಬೋಟಿ ತೂಗುಹಾಕಿ, ‘ಕ್ಲೀನ್ ಮಾಡ್ಸಿ ಕೊಡ್ಲಾ ಸಾರ್?’ ಎಂದ.

‘ಬೇಡ, ನಮ್ಗೆ ಬರುತ್ತೆ’ ಎಂದೆ. ಆ ‘ನಮ್ಗೆ’ ಎಂಬ ಬಹುವಚನದಲ್ಲಿ ಬರುತ್ತಿದ್ದದ್ದು ಅವ್ವನಿಗೆ ಮಾತ್ರ ಎಂಬುದು ಮನೆಗೆ ಬಂದು ಚೀಲ ಬಿಚ್ಚಿದ ಮೇಲೆ ಹೊಳೆಯಿತು. ಕೊತ್ತಂಬರಿ ಸೊಪ್ಪು ತರುವುದನ್ನು ಮರೆತದ್ದೂ ಆಗಲೇ ಹೊಳೆಯಿತು.

ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ ಎಂದು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸಿಂಕಿನಲ್ಲಿ ಹರಡಿಕೊಂಡಾಗಲೇ ಗೊತ್ತಾದದ್ದು, ನಾಲ್ಕೂ ಬೇರೆಬೇರೆ ಸ್ವಭಾವದವು ಎಂದು. ದೊಡ್ಡದು ಒದ್ದೆ ಟವಲಿನ ಹಾಗೆ, ಮೈತುಂಬ ಜುಂಗು. ಅದರ ಪಕ್ಕದ್ದು ಜೇನುಗೂಡೇ ಸರಿ, ಷಟ್ಕೋನ ಕೂಡ ಲೆಕ್ಕ ತಪ್ಪಿಲ್ಲ. ಮೂರನೆಯದು ಹಾಳೆ ಹಾಳೆಯಾಗಿ ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ, ಒಂದೊಂದು ಪುಟದ ನಡುವೆಯೂ ಹುಲ್ಲು. ನಾಲ್ಕನೆಯದು ನುಣುಪು. ಇದಾದ ಮೇಲೆ ಕರುಳು. ಒಂದು ಕುರಿಯೊಳಗೆ 20 ಮೀಟರಿಗೂ ಹೆಚ್ಚು ಉದ್ದದ ಕರುಳು ಸುತ್ತಿಕೊಂಡಿರುತ್ತದೆ. ನಮ್ಮ ಮನೆಯ ಬಾಗಿಲಿಂದ ಬಾಲ್ಕನಿಗೆ ಎರಡು ಸಲ ಹೋಗಿ ಬರುವಷ್ಟು.

ಅವ್ವನಿಗೆ ಫೋನು ಮಾಡಿದೆ.

‘ಎಷ್ಟ್ ಸತಿ ತೊಳ್ದೆ?’

‘ಮೂರು ಸತಿ.’

‘ಮೂರು ಸತಿ ಮುಖ ತೊಳೀತಾರೆ ಕಣ್ಲಾ, ಬೋಟಿಯಲ್ಲ.’

ಆಮೇಲೆ ಪಾಠ ಶುರುವಾಯಿತು. ಕರುಳನ್ನು ಪೊರಕೆ ಕಡ್ಡಿಗೆ ಸಿಕ್ಕಿಸಿ ಕಾಲುಚೀಲ ತಿರುವಿದ ಹಾಗೆ ಒಳಗಿನದು ಹೊರಗೆ ಮಾಡಬೇಕು. ಹೊಟ್ಟೆಗೆ ಎಲೆಯಡಿಕೆ ಸುಣ್ಣ ಬಳಿದು ಬಿಸಿನೀರಿಗೆ ಅದ್ದಿ ತೆಗೆದು ಚಾಕುವಿನಲ್ಲಿ ಹೆರೆಯಬೇಕು. ಕರಿ ಪೊರೆ ಸಿಪ್ಪೆಯ ಹಾಗೆ ಏಳುತ್ತದೆ. ‘ಅದ್ದಿ ತೆಗಿ ಅಂದ್ರೆ ಅದ್ದಿ ತೆಗಿ. ನೀರಲ್ಲೇ ಬಿಟ್ಟು ಫೋನ್ ನೋಡ್ತಾ ಕೂತ್ಕಂಡ್ರೆ ಕಚ್ಕತದೆ, ಆಮೇಲೆ ನಿಮ್ಮಪ್ಪ ಬಂದ್ರೂ ಏಳಾಕಿಲ್ಲ.’ ನಮ್ಮಪ್ಪ ಜೀವಮಾನದಲ್ಲಿ ಒಂದು ಲೋಟ ತೊಳೆದವನಲ್ಲ. ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ, ಹೇಳುವ ಯೋಗ್ಯತೆ ನನಗೂ ಇರಲಿಲ್ಲ.

ಐದನೆಯ ಸಲ ತೊಳೆಯುವಾಗ ಸಿಂಕು ಕಟ್ಟಿಕೊಂಡಿತು. ಹಸಿರು ನೀರು ನಿಂತಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಏನೂ ಅನ್ನಲಿಲ್ಲ. ಅನ್ನದೆ ಹೋದದ್ದೇ ಕಷ್ಟವಾಯಿತು.

ಪ್ಲಂಬರ್ ಬಂದವನು ಮೂಗಿನಿಂದಲೇ ಕೇಸು ಪತ್ತೆಹಚ್ಚಿದ. ‘ಬೋಟಿನಾ ಸಾರ್? ಸಿಂಕಲ್ಲಿ ಯಾರಾದ್ರೂ ತೊಳೀತಾರಾ? ಹಿತ್ತಲಲ್ಲಿ ತೊಳೀಬೇಕು.’ ಮೂರನೇ ಮಹಡಿಗೆ ಹಿತ್ತಲು ಎಲ್ಲಿಂದ ತರಲಿ? ಅವನು ಪೈಪು ಬಿಚ್ಚಿ, ಅಂಗೈಯಷ್ಟು ಅಗಿದ ಹುಲ್ಲು ತೆಗೆದು ತೋರಿಸಿದ. ಆಮೇಲೆ ಕೈತೊಳೆದುಕೊಂಡು, ಕೇಳದೆಯೇ ನನ್ನ ಕೈಯಿಂದ ಚಾಕು ಇಸಕೊಂಡು ಜೇನುಗೂಡಿನ ಭಾಗ ಹೆರೆದುಕೊಟ್ಟ. ಐನೂರು ಎಂದಿದ್ದವನು ಮುನ್ನೂರಕ್ಕಿಳಿದ. ಉಳಿದ ಇನ್ನೂರಕ್ಕೆ ಸಂಜೆ ಒಂದು ಡಬ್ಬಿ ಗೊಜ್ಜು ಎಂದು ಮಾತಾಯಿತು.

ಅಡುಗೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅರಿಶಿನ, ಉಪ್ಪು ಹಾಕಿ ಒಂದು ಕುದಿ ಕುದಿಸಿ ಆ ನೀರು ಚೆಲ್ಲಿದೆ. ಬೆರಳುದ್ದ ಹೆಚ್ಚಿ, ಕಡ್ಲೆಕಾಳಿನ ಜೊತೆ ಚಿಕ್ಕ ಕುಕ್ಕರಿನಲ್ಲಿ ಆರು ವಿಷಲ್. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಹುರಿದು, ಗಸಗಸೆ, ಹುರಿಗಡಲೆ, ತೆಂಗಿನಕಾಯಿ, ಅವ್ವ ಕಳಿಸಿದ್ದ ಸಾರಿನ ಪುಡಿ ಸೇರಿಸಿ ರುಬ್ಬಿದೆ. ಖಾರ ಒಂದು ಚಮಚ ಜಾಸ್ತಿಯೇ ಬಿತ್ತು. ಬೋಟಿಗೆ ಖಾರ ಕಮ್ಮಿಯಾದರೆ ಅದು ಆಸ್ಪತ್ರೆಯ ಊಟ. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದ್ದು ಎಣ್ಣೆ ಮೇಲೆ ತೇಲಿದಾಗ ಹಿತ್ತಲೂ ಹೊಸತೊಡಕೂ ಚಾಪೆಯೂ ಒಟ್ಟಿಗೇ ಮನೆಯೊಳಗೆ ಬಂದವು. ಯೂರಿಕ್ ಆಮ್ಲ ಹೆಚ್ಚಿರುವವರಿಗೆ ಡಾಕ್ಟರು ಮೊದಲು ಬೇಡವೆನ್ನುವುದು ಇಂಥವನ್ನೇ. ಈ ವರ್ಷದ ರಕ್ತಪರೀಕ್ಷೆಯನ್ನು ಅದಕ್ಕೇ ಇನ್ನೂ ಮಾಡಿಸಿಲ್ಲ.

ಎರಡು ಮುದ್ದೆ ಇಳಿಸಿದೆ. ಟವಲಿನ ಭಾಗ ಹಲ್ಲಿಗೆ ಸ್ವಲ್ಪ ಎದುರಾಡಿ ಆಮೇಲೆ ಸೋಲುತ್ತದೆ, ಕರುಳು ವಾದವಿಲ್ಲದೆ ಕರಗುತ್ತದೆ. ಪುಸ್ತಕದ ಭಾಗ ಮಸಾಲೆಯನ್ನು ಪುಟಪುಟದಲ್ಲೂ ಹಿಡಿದುಕೊಂಡಿರುತ್ತದೆ. ನಾನು ಸುಖವಾಗಿ ಬೆವರುತ್ತಿದ್ದಾಗ ಹೆಂಡತಿ ತಟ್ಟೆ ತಂದು ಎದುರು ಕೂತಳು.

‘ಕಾಳು ಮಾತ್ರ ಬಡಿಸಿ’ ಎಂದಳು.

ಬಡಿಸಿದೆ. ತಿಂದಳು. ಇನ್ನೊಂದು ಸೌಟು ಕೇಳಿದಳು. ನಾನು ಗೆದ್ದೆನೆಂದುಕೊಳ್ಳುವ ಹೊತ್ತಿಗೆ, ಕಾಳಿನ ನಡುವಿನಿಂದ ಸಣ್ಣ ಹಸಿರು ಎಳೆಯೊಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

‘ಕೊತ್ತಂಬರಿ ಹಾಕಿದ್ರಾ?’

‘ಹೂಂ’ ಎಂದೆ.

ಅಷ್ಟರಲ್ಲಿ ಫೋನು ರಿಂಗಾಯಿತು. ಅವ್ವ.